ಕಾಣಿಕೆ ಹಾಡಿನ ನಿಜವಾದ ವೇಗ

ನಾನು ಕ್ಷಮೆ ಕೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೈರೋಬಿಯ ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಈ ಕತೆ ಇವತ್ತಿಗೂ ಊಟದ ಮೇಜಿಗೆ ಬರುತ್ತದಂತೆ. ಹೇಳುವವರು 'ಕಡೆಗೆ ಹುಡುಗಿ ಮೈಕಿನ ಮುಂದೆ ಅತ್ತು ತಪ್ಪಾಯ್ತು ಅಂದಳು' ಎಂದು ಮುಗಿಸುತ್ತಾರಂತೆ. ನಾನು ಅಳಲಿಲ್ಲ, ತಪ್ಪಾಯ್ತು ಅನ್ನಲೂ ಇಲ್ಲ. ಆ ದಿನ ಇಗರ್ಜಿಯಲ್ಲಿ ನಡೆದದ್ದೇ ಬೇರೆ. ಕಣ್ಣಾರೆ ಕಂಡವರಲ್ಲಿ ಅರ್ಧ ಜನ ಅದನ್ನು ಮರೆತಂತೆ ನಟಿಸುತ್ತಾರೆ.

ಆಗ ನನಗೆ ಹದಿನೆಂಟು. ಮಟಾಟು ಎನ್ನುವ ಬಾಡಿಗೆ ವ್ಯಾನುಗಳಿಗೆಲ್ಲ ಹಳದಿ ಪಟ್ಟಿ ಬಳಿಸಿ, ಸೀಟಿಗೊಂದು ಬೆಲ್ಟು ಕಟ್ಟಿಸಿದ್ದ ಹೊಸತು. ನಮ್ಮ ಮನೆ ಸೌತ್ ಬಿ ಬಡಾವಣೆಯಲ್ಲಿ. ಪಪ್ಪ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ಅಮ್ಮ ಮೈಸೂರಿನವಳು, ಕೊಂಕಣಿ ಕಲಿತದ್ದು ಮದುವೆಯಾದ ಮೇಲೆ, ಅದೂ ಅರೆಬರೆ. ಹಾಗಾಗಿ ನಮ್ಮ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ. ನಾನು ಮೈಸೂರಿನಲ್ಲಿ ಐದನೆಯ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಬಂದವಳಾದ್ದರಿಂದ ಜಗಳದಲ್ಲಿ ಹಿಂದೆ ಬೀಳುತ್ತಿರಲಿಲ್ಲ.

ಪಪ್ಪ ನಮಗಿಂತ ಐದು ವರ್ಷ ಮೊದಲೇ ಒಬ್ಬರೇ ಬಂದಿದ್ದರು. ಕಾರ್ಖಾನೆ ಕೊಟ್ಟ ಒಂದು ಕೋಣೆ, ಒಂದು ಸ್ಟೌ, ಅವರ ಅಜ್ಜನ ಕಾಲದ ಪಿಟೀಲು. ಸ್ಪ್ರಿಂಗ್ ವ್ಯಾಲಿ ಕಡೆಯ ಕಾನ್ವೆಂಟೊಂದರಲ್ಲಿ ಹಾರ್ಮೋನಿಯಂ ಕೆಟ್ಟಿದೆ, ರಿಪೇರಿ ಮಾಡಿಕೊಡು ಎಂದು ಯಾರೋ ಅವರನ್ನು ಕರೆದೊಯ್ದರು. ಪಪ್ಪ ಪ್ರಾರ್ಥನಾ ಮಂದಿರದ ನೆಲದ ಮೇಲೆ ಹಾರ್ಮೋನಿಯಮ್ಮಿನ ತಿದಿ ಬಿಚ್ಚಿಕೊಂಡು ಕೂತಿದ್ದಾಗ, ಪಕ್ಕದ ಕೋಣೆಯಲ್ಲಿ ಐರ್ಲೆಂಡಿನ ಒಬ್ಬ ಸಿಸ್ಟರ್ ಬಲಿಪೀಠದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ ಏನೋ ಗುನುಗುತ್ತಿದ್ದರಂತೆ. ಇಸ್ತ್ರಿಪೆಟ್ಟಿಗೆ ಎಷ್ಟು ನಿಧಾನವೋ ಹಾಡೂ ಅಷ್ಟೇ ನಿಧಾನ. ಹೆಂಡತಿ ಮಗಳನ್ನು ಬಿಟ್ಟು ಬಂದಿದ್ದ ಪಪ್ಪನಿಗೆ ಆ ರಾಗ ಎದೆಗೆ ನಾಟಿತು. ಮುಂದಿನ ವಾರ ಪಿಟೀಲು ಹಿಡಿದುಕೊಂಡು ಹೋಗಿ ಸಿಸ್ಟರ್ ಮುಂದೆ ಅದನ್ನು ನುಡಿಸಿ, ಇದು ಯಾವ ಭಕ್ತಿಗೀತೆ ಎಂದು ಕೇಳಿದರು. 'ಇದು ಬಹಳ ಹಳೆಯದು' ಎಂದರಂತೆ ಸಿಸ್ಟರ್.

ಅಷ್ಟೇ ಸಾಕಾಯಿತು. ಸಿಸ್ಟರ್ ಬಾಯಿಂದ, ಬಲಿಪೀಠದ ಬಟ್ಟೆಯ ಮುಂದೆ ಬಂದದ್ದು ಭಕ್ತಿಗೀತೆಯಲ್ಲದೆ ಇನ್ನೇನಾಗಿರಲು ಸಾಧ್ಯ? ಪಪ್ಪ ಅದಕ್ಕೆ ಕೊಂಕಣಿಯಲ್ಲಿ ಪದ ಕಟ್ಟಿದರು. ರೊಟ್ಟಿ, ದ್ರಾಕ್ಷಾರಸ, ದೂರದೇಶದ ದಣಿವು, ಎಲ್ಲವನ್ನೂ ನಿನ್ನ ಕೈಗಿಡುತ್ತೇವೆ ಎಂಬ ಅರ್ಥದ್ದು. ತಿಂಗಳಿಗೊಂದು ಸಲ ನಮ್ಮವರಿಗಾಗಿ ನಡೆಯುವ ಕೊಂಕಣಿ ಪೂಜೆಯಲ್ಲಿ ಅದು ಕಾಣಿಕೆ ಹಾಡಾಯಿತು. ಜನ ರೊಟ್ಟಿ, ದ್ರಾಕ್ಷಾರಸ, ಹಣ್ಣಿನ ಬುಟ್ಟಿ ಹಿಡಿದು ಪೀಠದ ಕಡೆ ನಡೆಯುವಾಗ ಇಗರ್ಜಿಯ ಹಾಡುಗಾರರ ತಂಡ, ಕ್ವಾಯರ್, ಹಾಡುತ್ತಿತ್ತು. ಒಂದೊಂದು ಚರಣದ ನಡುವೆ ಪಪ್ಪನ ಪಿಟೀಲು ಮಾತ್ರ. ಆಮೇಲೆ ಸತ್ತವರ ಪೂಜೆಗೂ ಅದೇ ಹಾಡು ಬೇಕು ಎಂದು ಮನೆಯವರು ಕೇಳತೊಡಗಿದರು. ಪಪ್ಪ ಕ್ವಾಯರಿನ ಮುಖ್ಯಸ್ಥರಾದರು. ನಮ್ಮವರಲ್ಲಿ ಅವರ ಹೆಸರು ಹೇಳಿದರೆ ಯಾರೆಂದು ತಿಳಿಯದವರಿಗೂ 'ಆ ಕಾಣಿಕೆ ಹಾಡು ಮಾಡಿದವರು' ಎಂದರೆ ತಿಳಿಯುತ್ತಿತ್ತು. ನಾನು ಹನ್ನೊಂದರಿಂದ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಎರಡನೆಯ ಪಿಟೀಲು ನುಡಿಸುತ್ತಿದ್ದೆ.

ನನ್ನ ಇನ್ನೊಂದು ಜೀವನ ಶನಿವಾರ ಮಧ್ಯಾಹ್ನ ಎರಡರಿಂದ ಐದು.

ಕಂಪ್ಯೂಟರ್ ಕೋರ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯೊಬ್ಬಳು ಗಿಟಾರ್ ನುಡಿಸುತ್ತಿದ್ದಳು. ಅವಳ ಅಣ್ಣನದು ಡ್ರಮ್ಸ್. ಅವರ ಮಾವನಿಗೆ ಇಂಡಸ್ಟ್ರಿಯಲ್ ಏರಿಯಾಗೆ ತಿರುಗುವ ದಾರಿಯಲ್ಲಿ ಗೇಟು, ಗ್ರಿಲ್ಲು ಮಾಡುವ ತಗಡಿನ ಶೆಡ್ಡು. ಶನಿವಾರ ಕೆಲಸ ಮುಗಿದ ಮೇಲೆ ಅದು ನಮ್ಮದು. ಗೆಳತಿ ನ್ಗಾರಾ ಪೇಟೆಯ ರಸ್ತೆಬದಿಯಲ್ಲಿ ಕೊಂಡ ಒಂದು ಸಿ.ಡಿ. ತಂದಿದ್ದಳು, ಹೆಸರಿಲ್ಲ, ಚಿತ್ರವಿಲ್ಲ, ಮಾರ್ಕರಿನಲ್ಲಿ 'ಐರಿಷ್' ಎಂದು ಬರೆದಿತ್ತು. ಅದರಲ್ಲಿ ಪಂಕ್ ರಾಕ್ ಇತ್ತು, ಮೂರೇ ಸ್ವರಮೇಳದ ಒರಟು ಗಿಟಾರು, ಕೂಗು, ಓಡುವ ಡ್ರಮ್ಮು. ಆದರೆ ಅದರ ಮಧ್ಯೆ ಒಂದು ಪಿಟೀಲು ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ನಾನು ಕೇಳಿ ದಂಗಾಗಿ ಕೂತೆ. ಏಳು ವರ್ಷದಿಂದ ನನ್ನ ಕೈಲಿದ್ದದ್ದು ಇದೇ ವಾದ್ಯ, ಇದು ಹೀಗೂ ಬೈಯಬಲ್ಲದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಎರಡು ತಿಂಗಳು ಆ ಸಿ.ಡಿ.ಯನ್ನು ನಕಲು ಮಾಡಿದೆವು, ಬರಲಿಲ್ಲ. ನನ್ನ ಕೈ ಕಮಾನನ್ನು ಇಗರ್ಜಿಯ ಅಭ್ಯಾಸದಂತೆ ಉದ್ದಕ್ಕೆ ಎಳೆಯುತ್ತಿತ್ತು. "ನೀನು ಯಾವಾಗಲೂ ಪೋಲೆಪೋಲೆ," ಎಂದು ಗೆಳತಿ ರೇಗಿಸುತ್ತಿದ್ದಳು. ಪೋಲೆಪೋಲೆ ಎಂದರೆ ನಿಧಾನ, ನಿಧಾನ. "ನಿಮ್ಮ ಪೂಜೆಯ ಹಾಗೆ. ನಾವು ಕಾಣಿಕೆ ಕೊಡುವಾಗ ಕುಣಿದುಕೊಂಡು ಹೋಗುತ್ತೇವೆ, ನೀವು ಹಲ್ಲು ಕೀಳಿಸಿಕೊಳ್ಳಲು ಹೋದ ಹಾಗೆ ಹೋಗುತ್ತೀರಿ."

ಅವಳು ಹೇಳಿದ್ದು ಸುಳ್ಳಲ್ಲ. ಅಣ್ಣ ತಂಗಿ ಇಬ್ಬರೂ ನಮ್ಮ ಇಗರ್ಜಿಗೇ ಬರುವವರು, ಒಂಬತ್ತು ಗಂಟೆಯ ಸ್ವಾಹಿಲಿ ಪೂಜೆಗೆ. ಅಲ್ಲಿ ಚರ್ಮದ ಡೋಲು, ಗಿಲಕಿ, ಹೆಂಗಸರ ಉಲುಲು ಕೂಗು, ಬಾಳೆಗೊನೆ ಹೊತ್ತು ಹೆಜ್ಜೆ ಹಾಕುತ್ತ ಬರುವ ಸಾಲು. ಹನ್ನೊಂದೂವರೆಗೆ ಅದೇ ಪೀಠದ ಮುಂದೆ, ಅದೇ ಪಾದ್ರಿಗಳ ಎದುರು ನಾವು ಮುಖ ಗಂಟಿಕ್ಕಿಕೊಂಡು ನಿಲ್ಲುತ್ತಿದ್ದೆವು. ದೇವರಿಗೆ ಎರಡೂವರೆ ಗಂಟೆಯಲ್ಲಿ ಸ್ವಭಾವ ಬದಲಾಗುತ್ತಿತ್ತೋ ಏನೋ.

ಐರಿಷ್ ಕಲಿಯಬೇಕಾದರೆ ಐರಿಷರ ಹತ್ತಿರವೇ ಹೋಗಬೇಕು ಎಂದು ತೀರ್ಮಾನಿಸಿ ನಾನು ಎರಡು ಮಟಾಟು ಬದಲಿಸಿ ಕಾನ್ವೆಂಟಿಗೆ ಹೋದೆ. ಪಪ್ಪ ಸಂತೋಷದಿಂದ ಒಪ್ಪಿದರು; ಸಿಸ್ಟರ್ ಬಳಿ ಹೋದರೆ ಮಗಳ ಕಮಾನಿನಲ್ಲಿ ಭಕ್ತಿ ಬರುತ್ತದೆ ಎಂದುಕೊಂಡಿದ್ದರು.

ಸಿಸ್ಟರಿಗೆ ಆಗ ಎಪ್ಪತ್ತಾರು. ಮೊಣಕಾಲು ಕೈಕೊಟ್ಟಿತ್ತು, ಕೋಲು ಹಿಡಿದೇ ನಡೆಯುತ್ತಿದ್ದರು. ಮೂರು ತಿಂಗಳಲ್ಲಿ ಅವರನ್ನು ಐರ್ಲೆಂಡಿಗೆ ವಾಪಸು ಕರೆಸಿಕೊಳ್ಳುವುದೆಂದು ಅವರ ಸನ್ಯಾಸಿನಿಯರ ಸಂಘ ತೀರ್ಮಾನಿಸಿತ್ತು. ನಲವತ್ತೊಂದು ವರ್ಷ ಕೀನ್ಯಾದಲ್ಲಿದ್ದವರು, ಐರ್ಲೆಂಡಿನಲ್ಲಿ ತಮ್ಮವರು ಯಾರೂ ಉಳಿದಿಲ್ಲ ಎಂದು ನಗುತ್ತ ಹೇಳಿದರು, ನನಗೆ ಸಂಕಟವಾಯಿತು. ಅವರ ಮಾತೆಲ್ಲ ಇಂಗ್ಲಿಷು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕುಣಿಯುವ ರಾಗ ಬೇಕು ಸಿಸ್ಟರ್," ಎಂದೆ. "ಪಂಕ್ ಜೊತೆ ನುಡಿಸೋಕೆ." ಪಂಕ್ ಎಂದರೇನೆಂದು ಕೇಳಿದರು. ಹೇಳಲು ಬಾರದೆ ವಾಕ್‌ಮ್ಯಾನ್ ಅವರ ಕಿವಿಗೆ ಇಟ್ಟೆ. ಪೂರ್ತಿ ಒಂದು ಹಾಡು ಕಣ್ಣು ಮುಚ್ಚಿ ಕೇಳಿದರು. "ನನ್ನ ಅಣ್ಣಂದಿರು ಮದುವೆಮನೆಯಲ್ಲಿ ಹೀಗೇ ಕಿರುಚುತ್ತಿದ್ದರು," ಎಂದು ಎದ್ದು, ಬೀರುವಿನ ಮೇಲಿನಿಂದ ತಮ್ಮ ಹಳೆಯ ಪಿಟೀಲು ತೆಗೆಸಿದರು.

ಉದ್ದ ಕಮಾನು ಮರೆತುಬಿಡು ಎಂದರು. ಕಮಾನಿನ ತುದಿಯ ಒಂದು ಗೇಣು ಸಾಕು, ಮಣಿಕಟ್ಟು ಸಡಿಲ ಇರಬೇಕು, ಸ್ವರ ಅಲುಗಿಸಿ ಅಲಂಕಾರ ಮಾಡಬಾರದು. ಆಮೇಲೆ ನುಡಿಸಿದರು. ತಕಿಟ ತಕಿಟ, ತಕಿಟ ತಕಿಟ, ಮೂರು ಮೂರರ ಓಟ. ಕೂತವರ ಕಾಲು ತಾನಾಗಿ ನೆಲ ಕುಟ್ಟುವಂಥದ್ದು. ಮೊದಲ ಸುತ್ತಿನಲ್ಲಿ ನಾನು ಸುಮ್ಮನೆ ಖುಷಿಪಟ್ಟೆ. ಎರಡನೆಯ ಸುತ್ತಿನಲ್ಲಿ ಎದೆ ಧಸಕ್ಕೆಂದಿತು. ಆ ರಾಗ ನನಗೆ ಗೊತ್ತಿತ್ತು. ಏಳು ವರ್ಷ ತಿಂಗಳು ತಿಂಗಳು ನುಡಿಸಿದ್ದೆ.

"ಸಿಸ್ಟರ್, ಇದು ನಮ್ಮ ಕಾಣಿಕೆ ಹಾಡು."

ಅವರು ಕಮಾನು ಕೆಳಗಿಟ್ಟರು. ಮುಖ ಕೆಂಪಾಯಿತು. "ಒಂದು ದಿನ ಇದು ಹೊರಗೆ ಬರುತ್ತದೆಂದು ಗೊತ್ತಿತ್ತು," ಎಂದರು.

ಅದು ಅವರ ಊರಿನ ಮದುವೆಗಳಲ್ಲಿ ಅಡುಗೆಮನೆಯ ಮೇಜು ಕುರ್ಚಿ ಬದಿಗೆ ಸರಿಸಿ ಕುಣಿಯುತ್ತಿದ್ದ ಜಿಗ್. ಪದಗಳೂ ಇದ್ದವು: ಸಂತೆಯಲ್ಲಿ ಕುಡಿದು ಬಿದ್ದ ಗಂಡನನ್ನು ಹೆಂಡತಿ ಕೈಗಾಡಿಗೆ ಹಾಕಿಕೊಂಡು ದಾರಿಯುದ್ದಕ್ಕೂ ಬೈಯುತ್ತ ಮನೆಗೆ ತಳ್ಳಿಕೊಂಡು ಬರುವುದು. ನಮ್ಮ ಹಿರಿಯರು ರುಮಾಲಿನಿಂದ ಕಣ್ಣೊರೆಸಿಕೊಂಡು ಕೇಳುವ ಹಾಡು ಇದು. ನನಗೆ ನಗು ತಡೆಯಲಾಗಲಿಲ್ಲ, ನಗುನಗುತ್ತಲೇ ಪಪ್ಪನ ಮುಖ ನೆನಪಾಯಿತು.

"ಯಾಕೆ ಹೇಳಲಿಲ್ಲ ನೀವು?"

"ನಿಮ್ಮಪ್ಪ ಅದನ್ನು ನುಡಿಸುವಾಗ ಅಳುತ್ತಿದ್ದ ಮಗೂ. ಅಳುತ್ತಿರುವ ಮನುಷ್ಯನಿಗೆ ಇದು ಕುಡುಕನ ಹಾಡು ಅಂತ ಹೇಗೆ ಹೇಳಲಿ? ಆಮೇಲೆ ನೀವೆಲ್ಲ ಸೇರಿ ಹಾಡಿದಿರಿ. ಆಮೇಲೆ ಸತ್ತವರಿಗೂ ಹಾಡಿದಿರಿ. ದಿನ ಕಳೆದ ಹಾಗೆ ಹೇಳುವುದು ಇನ್ನೂ ಕಷ್ಟವಾಯಿತು." ಕಮಾನಿನ ತಿರುಪು ಸಡಿಲಿಸುತ್ತ, "ಒಂದು ಆಸೆ ಇದೆ," ಎಂದರು. "ಹೋಗುವ ಮೊದಲು ಒಂದು ಸಲ ಇದನ್ನು ಇದರ ವೇಗದಲ್ಲಿ ಜನರ ಮಧ್ಯೆ ಕೂತು ಕೇಳಬೇಕು. ನನಗೆ ನಮ್ಮೂರ ಮದುವೆಮನೆಯ ಹಾಡು ಸಾವಿನಮನೆಯಲ್ಲೇ ಕೇಳಿಸುತ್ತಾ ಇದೆ."

ನುಡಿಸುತ್ತೇನೆ ಎಂದು ಮಾತು ಕೊಟ್ಟೆ. ಹದಿನೆಂಟರಲ್ಲಿ ಮಾತು ಕೊಡುವುದು ಸುಲಭ. ಮಟಾಟು ಹತ್ತಿದ ಮೇಲೆ ಬುದ್ಧಿ ಬಂತು. ಮಾತು ಉಳಿಸಿಕೊಂಡರೆ ಪಪ್ಪನ ಮಾನ ಹೋಗುತ್ತದೆ. ಪಪ್ಪನ ಮಾನ ಉಳಿಸಿದರೆ ಸಿಸ್ಟರ್ ಆ ಆಸೆ ಹೊತ್ತುಕೊಂಡೇ ವಿಮಾನ ಹತ್ತುತ್ತಾರೆ. ಪಪ್ಪನಿಗೆ ಹೇಳಿಬಿಡೋಣ ಎಂದು ದಿನಕ್ಕೆರಡು ಸಲ ಬಾಯಿ ತೆರೆದು ಮುಚ್ಚಿದೆ.

ಇಗರ್ಜಿಯವರು ಸಿಸ್ಟರಿಗೆ ಬೀಳ್ಕೊಡುಗೆ ಇಟ್ಟುಕೊಂಡರು, ಒಂದು ಭಾನುವಾರ ಮಧ್ಯಾಹ್ನ, ಇಗರ್ಜಿಯ ಸಭಾಂಗಣದಲ್ಲಿ. ಕಾರ್ಯಕ್ರಮದ ಪಟ್ಟಿಯಲ್ಲಿ ಕ್ವಾಯರ್ ಮೊದಲು. ಏನು ಹಾಡುವುದೆಂದು ಪಪ್ಪ ಯೋಚಿಸಲೇ ಇಲ್ಲ: "ಸಿಸ್ಟರದ್ದೇ ಹಾಡು ಉಂಟಲ್ಲ. ಅದನ್ನೇ ಅವರಿಗೆ ಕಾಣಿಕೆ ಕೊಡುವ." ಕೊನೆಯಲ್ಲಿ ಯುವಜನರಿಗೆ ಹತ್ತು ನಿಮಿಷ. ನಾನು ಅಲ್ಲಿ 'ಐರಿಷ್ ಜಾನಪದ ಸಂಗೀತ' ಎಂದು ಬರೆಸಿದೆ. ಸುಳ್ಳೇನೂ ಬರೆಸಲಿಲ್ಲ.

ಅದಕ್ಕೆ ಒಂದು ವಾರ ಮೊದಲು ಪಪ್ಪ ನನ್ನ ಪಿಟೀಲಿನ ಪೆಟ್ಟಿಗೆ ತೆರೆದರು. ನನ್ನದು ಅಗ್ಗದ ಪಿಟೀಲು, ಆದರೂ ತಂತಿ ಹಾಕುವುದೆಲ್ಲ ಅವರೇ. ಅದರ ಹೊಟ್ಟೆಯ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನಲ್ಲಿ ಒಂದು ಪುಟ್ಟ ಮೈಕು ಅಂಟಿಸಿದ್ದು ಕಣ್ಣಿಗೆ ಬಿತ್ತು.

"ಇದೆಂಥದು?"

"ಪಿಕಪ್ ಪಪ್ಪಾ. ಆಂಪ್ಲಿಫೈಯರ್‌ಗೆ."

"ವಯಲಿನ್‌ಗೆ ಆಂಪ್ಲಿಫೈಯರ್ ಯಾಕೆ? ಇಗರ್ಜಿಯಲ್ಲಿ ಯಾರಿಗಾದ್ರೂ ಕೇಳುದಿಲ್ವಾ?"

"ಇದು ಇಗರ್ಜಿಗಲ್ಲ. ನಮ್ಮ ಬ್ಯಾಂಡ್ ಇದೆ, ಶನಿವಾರ ವೆಲ್ಡಿಂಗ್ ಶೆಡ್ಡಿನಲ್ಲಿ ನುಡಿಸ್ತೀವಿ. ಪಂಕ್."

ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲಿಸಿದಳು. ಪಪ್ಪ ಕೂಗಾಡುವವರಲ್ಲ, ದನಿ ಇನ್ನೂ ತಗ್ಗುತ್ತದೆ. "ನೋಡು ಮಗಾ. ನನ್ನ ಅಜ್ಜ ನುಡಿಸಿದ್ದು ಇಗರ್ಜಿಯಲ್ಲಿ. ನನ್ನ ಅಪ್ಪ ನುಡಿಸಿದ್ದು ಇಗರ್ಜಿಯಲ್ಲಿ. ವೆಲ್ಡಿಂಗ್ ಶೆಡ್ಡಿನಲ್ಲಿ ನಮ್ಮಲ್ಲಿ ಯಾರೂ ನುಡಿಸಿಲ್ಲ. ನಿನಗೆ ಅದು ಬೇಕಾದ್ರೆ ಕ್ವಾಯರ್‌ನ ಕುರ್ಚಿ ಇಲ್ಲ. ಎರಡೂ ಆಗುದಿಲ್ಲ."

"ಎರಡೂ ಬೇಕು ನನಗೆ."

"ಎರಡೂ ಇಲ್ಲ ಅಂತ ಹೇಳಿದೆ."

"ಇಬ್ರೂ ಸಾಕು ಮಾಡ್ತೀರಾ? ಚಟ್ನಿ ಅರೀಬೇಕು ನಾನು," ಎಂದಳು ಅಮ್ಮ. ಅವಳಿಗೆ ಇಬ್ಬರ ಮೊಂಡುತನವೂ ಒಂದೇ ಅಂಗಡಿಯ ಮಾಲು ಎಂದು ಗೊತ್ತಿತ್ತು. ಬೀಳ್ಕೊಡುಗೆ ಮುಗಿಯಲಿ ಎಂದು ಕುರ್ಚಿಯ ಮಾತು ಅಲ್ಲಿಗೇ ನಿಂತಿತು.

ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ಪ್ಲಾಸ್ಟಿಕ್ ಕುರ್ಚಿ, ಸಮೋಸ, ಮಂದಾಜಿ ಎಂಬ ಕರಿದ ಬನ್ನು, ದೊಡ್ಡ ಥರ್ಮಾಸುಗಳಲ್ಲಿ ಹಾಲಿನ ಚಹಾ. ಸಿಸ್ಟರ್ ಮೊದಲ ಸಾಲಿನಲ್ಲಿ, ಕೋಲು ಮಡಿಲಲ್ಲಿ. ಪಪ್ಪ ಮೈಕಿನಲ್ಲಿ, ಈ ರಾಗವನ್ನು ನಮಗೆ ಕೊಟ್ಟವರು ಸಿಸ್ಟರ್, ನಮ್ಮ ಸಮುದಾಯದ ಕಣ್ಣೀರನ್ನೆಲ್ಲ ಹೊತ್ತ ರಾಗ ಇದು, ಎಂದರು. ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತು ಉದ್ದುದ್ದ ಕಮಾನು ಎಳೆದೆ. ನಿಜ ಹೇಳಬೇಕೆಂದರೆ ಆ ದಿನ ಅದು ಚೆನ್ನಾಗಿತ್ತು. ನಿಧಾನವಾಗಿ ಕೇಳಿದರೂ ಅದು ಒಳ್ಳೆಯ ರಾಗವೇ. ಪಪ್ಪ ಬೇರೆಯವರ ರಾಗ ಎತ್ತಿಕೊಂಡು ತನ್ನ ದುಃಖಕ್ಕೆ ತಕ್ಕಂತೆ ಬಗ್ಗಿಸಿಕೊಂಡಿದ್ದರು, ಯಾರ ಅಪ್ಪಣೆಯನ್ನೂ ಕೇಳದೆ. ಶೆಡ್ಡಿನಲ್ಲಿ ನಾವು ಮಾಡುತ್ತಿದ್ದದ್ದೂ ಅದನ್ನೇ. ಹಾಗೆ ಯೋಚನೆ ಬಂದ ಮೇಲೆ ನನ್ನ ಭಯ ಹೋಯಿತು.

ಒಂದು ಗಂಟೆಯ ಭಾಷಣಗಳಾದ ಮೇಲೆ ನಮ್ಮ ಸರದಿ. ಗೆಳತಿ ಗಿಟಾರಿನ ತಂತಿ ಮುಟ್ಟಿದ್ದೇ ಆಂಪ್ಲಿಫೈಯರ್ ಕೀರ್ ಎಂದಿತು, ಮುಂದಿನ ಸಾಲಿನ ಆಂಟಿಯರೆಲ್ಲ ಕಿವಿ ಮುಚ್ಚಿಕೊಂಡರು. ಅವಳ ಅಣ್ಣ ಕಡ್ಡಿಯಿಂದ ಕಡ್ಡಿ ಬಡಿದು ನಾಲ್ಕು ಎಣಿಸಿದ. ನಾನು ಕಮಾನಿನ ತುದಿಯ ಒಂದು ಗೇಣು ಹಿಡಿದು ಹೊರಟೆ. ತಕಿಟ ತಕಿಟ.

ಮೊದಲ ಸುತ್ತಿಗೆ ಯಾರಿಗೂ ತಿಳಿಯಲಿಲ್ಲ. ಎರಡನೆಯ ಸುತ್ತಿಗೆ ಒಂದೊಂದೇ ಮುಖ ಬದಲಾಗತೊಡಗಿತು. ಯಾರೋ 'ದೇವಾ' ಎಂದರು. ಕುರ್ಚಿಗಳು ಗರಗರ ಸರಿದವು. ನಮ್ಮವರ ಸಂಘದ ಅಧ್ಯಕ್ಷರು, ನ್ಗಾರಾದಲ್ಲಿ ಸ್ಟೇಷನರಿಯ ಸಗಟು ವ್ಯಾಪಾರ ಮಾಡುವವರು, ಎದ್ದು ನಿಂತು ಕೈ ಅಡ್ಡಡ್ಡ ಬೀಸಿದರು. ಪಪ್ಪ ಗೋಡೆಯ ಪಕ್ಕದಲ್ಲಿದ್ದರು. ನಾನು ಅವರ ಕಡೆ ನೋಡಲಿಲ್ಲ, ನೋಡಿದ್ದರೆ ನಿಲ್ಲಿಸುತ್ತಿದ್ದೆ. ಗೆಳತಿ ಬಾಯಿಗೆ ಬಂದಂತೆ ಸ್ವಾಹಿಲಿಯಲ್ಲಿ ಕೂಗುತ್ತಿದ್ದಳು, ನಾನು ಇನ್ನೂ ಜೋರು ಮಾಡಿದೆ. ಇಷ್ಟು ವರ್ಷ ಒಳಗೆ ಇಟ್ಟುಕೊಂಡ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟ ಹಾಗಿತ್ತು.

ಆಗ ಸಿಸ್ಟರ್ ಎದ್ದರು. ಕೋಲನ್ನು ಪಕ್ಕದಲ್ಲಿದ್ದ ಪಾದ್ರಿಗಳ ಕೈಗೆ ಕೊಟ್ಟರು. ಎರಡು ಬೆರಳಿನಿಂದ ಲಂಗದ ಅಂಚನ್ನು ಒಂದಿಷ್ಟೇ ಎತ್ತಿ, ಬೆನ್ನು ನೆಟ್ಟಗೆ, ತೋಳು ಅಲ್ಲಾಡಿಸದೆ, ಪಾದ ಮಾತ್ರ ಆಡಿಸಿದರು. ಹಿಮ್ಮಡಿ, ತುದಿ, ಹಿಮ್ಮಡಿ. ಒಂದೂವರೆ ಸುತ್ತು. ನನ್ನ ಒಂದೂ ಪೆಟ್ಟು ಅವರ ಪಾದದಿಂದ ತಪ್ಪಲಿಲ್ಲ. ಆಮೇಲೆ ಏದುಸಿರು ಬಿಡುತ್ತ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕರೋ, ಅತ್ತರೋ ಗೊತ್ತಿಲ್ಲ.

ಜನ ಇದನ್ನು ಅರ್ಥ ಮಾಡಿಕೊಂಡ ರೀತಿಯೇ ಬೇರೆ. ಪವಿತ್ರ ಗೀತೆಯನ್ನು ಗೇಲಿ ಮಾಡಿದ್ದಲ್ಲದೆ, ಮುದುಕಿ ಸಿಸ್ಟರನ್ನೂ ಕುಣಿಸಿದಳು. ಪಾಪ, ಅವರು ಸೌಜನ್ಯಕ್ಕೆ ಎದ್ದರು. ಮಂಗಳವಾರ ಸಿಸ್ಟರ್ ವಿಮಾನ ಹತ್ತಿದರು. ನನ್ನ ಪರವಾಗಿ ಹೇಳಬಲ್ಲ ಒಂದೇ ಬಾಯಿ ಹೋಯಿತು.

ಗುರುವಾರ ಅಧ್ಯಕ್ಷರು ಮನೆಗೆ ಬಂದು ಒಂದು ಹಾಳೆ ಕೊಟ್ಟರು. ತಮ್ಮ ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಟೈಪ್ ಮಾಡಿಸಿದ್ದರು: ನನ್ನ ಅಜ್ಞಾನದಿಂದ ಪವಿತ್ರವಾದ ಕಾಣಿಕೆ ಗೀತೆಯನ್ನು ಅವಮಾನಿಸಿದ್ದಕ್ಕೆ ಇಡೀ ಸಮುದಾಯದ ಕ್ಷಮೆ ಬೇಡುತ್ತೇನೆ, ಇತ್ಯಾದಿ. ಭಾನುವಾರದ ಕೊಂಕಣಿ ಪೂಜೆಯಲ್ಲಿ ಕಾಣಿಕೆಗೆ ಮುಂಚೆ ಮೈಕಿನಲ್ಲಿ ಓದಬೇಕು. ಓದಿದರೆ ಕುರ್ಚಿ ಉಳಿಯುತ್ತದೆ.

"ಒಂಬತ್ತು ಗಂಟೆ ಪೂಜೆಯಲ್ಲಿ ಡೋಲು ಬಾರಿಸ್ತಾರಲ್ಲ ಅಂಕಲ್, ಅವರಿಗೂ ಹಾಳೆ ಕೊಟ್ಟಿದ್ದೀರಾ?" ಎಂದು ಕೇಳಿದೆ.

"ಅದು ಅವರ ಪದ್ಧತಿ. ನಮ್ಮದು ಬೇರೆ."

ಒಂದು ವಾಕ್ಯ ಸಾಕಿತ್ತು. ನಿಮ್ಮ ಪವಿತ್ರ ಗೀತೆ ಕುಡುಕನನ್ನು ಕೈಗಾಡಿಯಲ್ಲಿ ತಳ್ಳುವ ಹಾಡು ಎಂದಿದ್ದರೆ ಅವರ ಬಾಯಿ ಅಲ್ಲೇ ಮುಚ್ಚುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು. ಪಪ್ಪ ಎದುರಿನ ಸೋಫಾದಲ್ಲಿ ತಲೆ ತಗ್ಗಿಸಿ ಕೂತಿದ್ದರು, ಕಾಲಿನಲ್ಲಿ ಕಾರ್ಖಾನೆಯ ಬೂಟು ಇನ್ನೂ ಇತ್ತು. ನಾನು ನುಂಗಿಕೊಂಡೆ. ಆದರೆ ಹಾಳೆಯನ್ನು ಟೀಪಾಯಿಯ ಮೇಲೇ ಬಿಟ್ಟೆ, ಕೈಗೆ ತೆಗೆದುಕೊಳ್ಳಲಿಲ್ಲ.

ಆ ವಾರವಿಡೀ ಪಪ್ಪ ನನ್ನೊಂದಿಗೆ ಮಾತಾಡಿರಲಿಲ್ಲ. ಶನಿವಾರ ಸಂಜೆ ಐದೂವರೆಗೆ ನಾನು ಶೆಡ್ಡಿನಿಂದ ಬಂದಾಗ, ಬಾಲ್ಕನಿಯಲ್ಲಿ ಅಜ್ಜನ ಪಿಟೀಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಎಷ್ಟು ಫಾಸ್ಟ್ ಅದು?"

"ಏನು ಪಪ್ಪಾ?"

"ನೀನು ಅವತ್ತು ನುಡಿಸಿದ್ದೇ ಅದರ ನಿಜವಾದ ಸ್ಪೀಡಾ, ಅಥವಾ ನೀನು ಇನ್ನೂ ಜಾಸ್ತಿ ಮಾಡಿದ್ದಾ?"

ನಾನು ಪೆಟ್ಟಿಗೆ ಕೆಳಗಿಟ್ಟೆ. "ಸ್ವಲ್ಪ ಜಾಸ್ತಿ ಮಾಡಿದೆ. ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಸಿಸ್ಟರ್ ಕಾಲು ನೋಡಿದೆ. ಸೌಜನ್ಯಕ್ಕೆ ಕುಣಿಯುವ ಕಾಲು ಅದಲ್ಲ. ಆ ಕಾಲಿಗೆ ಆ ಹಾಡು ಅರುವತ್ತು ವರ್ಷದಿಂದ ಗೊತ್ತುಂಟು." ಪಿಟೀಲಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. "ನಿನಗೆ ಯಾವಾಗಿನಿಂದ ಗೊತ್ತು?"

"ಮೂರು ತಿಂಗಳು."

"ಹೇಳ್ಬಹುದಿತ್ತಲ್ಲ."

"ಹೇಗೆ ಹೇಳ್ಲಿ ಪಪ್ಪಾ? ಸಿಸ್ಟರಿಗೇ ಹನ್ನೆರಡು ವರ್ಷ ಹೇಳೋಕಾಗ್ಲಿಲ್ಲ."

ಪದಗಳಿದ್ದವಾ ಎಂದು ಕೇಳಿದರು. ಹೇಳಿದೆ. ಸಂತೆ, ಕುಡುಕ ಗಂಡ, ಕೈಗಾಡಿ, ಬೈಗುಳ, ಒಂದನ್ನೂ ಬಿಡಲಿಲ್ಲ. ಪಪ್ಪ ರಸ್ತೆಯ ಕಡೆ ತಿರುಗಿದರು. "ಎಷ್ಟು ಜನರ ಶವಪೆಟ್ಟಿಗೆ ಮುಂದೆ ನಾನಿದನ್ನು ನುಡಿಸಿದ್ದೇನೆ," ಎಂದರು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ಅದಕ್ಯಾಕೆ ಇಷ್ಟು ಬೇಜಾರು ಮಾಡ್ಕೋತೀರಿ? ನಡೆಯೋಕಾಗದೇ ಇರೋರನ್ನ ಮನೆಗೆ ತಲುಪ್ಸೋ ಹಾಡು ತಾನೇ ಅದು? ಸತ್ತೋರಿಗೂ ಅದೇ ಹಾಡಿದ್ದೀರಿ. ತಪ್ಪೇನಾಯ್ತು?" ಎಂದು ಹೇಳಿ ಸಾರು ಉಕ್ಕುತ್ತಿದೆ ಎಂದು ಒಳಗೆ ಹೋದಳು.

ಪಪ್ಪ ನನ್ನ ಕಡೆ ತಿರುಗಿ, "ತೋರ್ಸು," ಎಂದರು.

ಉದ್ದ ಕಮಾನು ಬೇಡ ಪಪ್ಪಾ, ತುದಿಯ ಒಂದು ಗೇಣು ಸಾಕು, ಎಂದೆ. ಐವತ್ತೆರಡು ವರ್ಷದ ಮಣಿಕಟ್ಟು ಸಡಿಲವಾಗಲು ಒಪ್ಪಲಿಲ್ಲ. ಎಡವಿದರು, ಬೈದುಕೊಂಡರು, ಮತ್ತೆ ಹಿಡಿದರು. ಊಟದ ಹೊತ್ತಿಗೆ ಒಂದು ಸುತ್ತು ನೆಟ್ಟಗೆ ಬಂತು. ಭಾನುವಾರದ ಹಾಳೆಯ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ.

ಮರುದಿನ ಹನ್ನೊಂದೂವರೆಯ ಪೂಜೆಗೆ ಗೆಳತಿಯೂ ಅವಳ ಅಣ್ಣನೂ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಕೊಂಕಣಿಯ ಒಂದಕ್ಷರ ಬರುವುದಿಲ್ಲ, ಆದರೂ ನನ್ನನ್ನು ಒಬ್ಬಳೇ ಬಿಡುವುದಿಲ್ಲ ಎಂದು ಬಂದವರು. ಕಾಣಿಕೆಗೆ ಮುಂಚೆ ಅಧ್ಯಕ್ಷರು ಮೈಕಿನ ಕಡೆ ಕೈ ತೋರಿಸಿದರು. ಕುರ್ಚಿಯಿಂದ ಎದ್ದು ಹೋದೆ.

"ಆ ರಾಗ ನನಗೆ ಕಲಿಸಿದವರು ಸಿಸ್ಟರ್. ಹೋಗುವ ಮುಂಚೆ ಅದನ್ನು ಹಾಗೆ ಕೇಳಬೇಕು ಎಂದು ಅವರು ಕೇಳಿದರು, ನುಡಿಸಿದೆ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ." ಇಷ್ಟನ್ನು ನನ್ನ ಹರಕು ಕೊಂಕಣಿಯಲ್ಲಿ ಹೇಳಿ, ಕ್ವಾಯರಿನ ಕಡೆಗೆ ಹೋಗದೆ, ನಡುವಿನ ದಾರಿಯಲ್ಲಿ ನೇರ ನಡೆದು ಕೊನೆಯ ಬೆಂಚಿಗೆ ಬಂದು ಕೂತೆ. ಇಡೀ ಇಗರ್ಜಿ ನನ್ನ ಚಪ್ಪಲಿಯ ಸದ್ದು ಕೇಳಿತು.

ಪಪ್ಪ ಪಿಟೀಲು ಎತ್ತಿದರು. ಮೊದಲ ಚರಣ ಎಂದಿನಂತೆ, ಅದೇ ನಿಧಾನ, ಅದೇ ಉದ್ದ ಕಮಾನು. ಕ್ವಾಯರಿನವರು ನೆಮ್ಮದಿಯಿಂದ ಹಾಡಿದರು. ಚರಣ ಮುಗಿಯಿತು. ಕಾಣಿಕೆ ಹಿಡಿದವರ ಸಾಲು ಹಿಂದಿನಿಂದ ಹೊರಟಿತು, ಎಲ್ಲರಿಗಿಂತ ಮುಂದೆ ಬೆಣ್ಣೆಹಣ್ಣಿನ ಬುಟ್ಟಿ ಹಿಡಿದ ಒಬ್ಬ ಅಜ್ಜಿ. ಪಿಟೀಲು ಒಂದೇ ನುಡಿಯುವ ಜಾಗ ಬಂತು. ಪಪ್ಪ ಒಂದು ಕ್ಷಣ ಕಮಾನು ಎತ್ತಿ ಹಿಡಿದರು. ಮಣಿಕಟ್ಟು ಒಮ್ಮೆ ಕೊಡವಿದರು.

ತಕಿಟ ತಕಿಟ, ತಕಿಟ ತಕಿಟ.

ನನ್ನಷ್ಟು ವೇಗವಿಲ್ಲ, ಒಂದೆರಡು ಸ್ವರ ಜಾರಿದವು, ಆದರೆ ಜಿಗ್ ಅದು, ಸಂಶಯವೇ ಇಲ್ಲ. ಕ್ವಾಯರಿನವರು ಪುಸ್ತಕದಿಂದ ತಲೆ ಎತ್ತಿದರು. ಕಾಣಿಕೆಯ ಸಾಲಿಗೆ ಹೇಗೆ ಕಾಲಿಡಬೇಕೆಂದು ತಿಳಿಯದೆ ಹಿಂದಿನವರು ಮುಂದಿನವರ ಮೇಲೆ ಮುಗ್ಗರಿಸಿದರು. ಅಜ್ಜಿ ಮಾತ್ರ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಸರಸರ ಹೆಜ್ಜೆ ಹಾಕಿದರು. ನನ್ನ ಪಕ್ಕದಲ್ಲಿದ್ದ ಗೆಳತಿ ತಡೆಯಲಾರದೆ ಬಾಯಿಗೆ ಕೈಯಿಟ್ಟು, ಒಂಬತ್ತು ಗಂಟೆಯ ಪೂಜೆಯಲ್ಲಿ ಮಾಡುವಂತೆ, ಉಲುಲುಲು ಎಂದು ಕೂಗಿಯೇಬಿಟ್ಟಳು. ಪೀಠದ ಮುಂದೆ ಕಾಯುತ್ತಿದ್ದ ಪಾದ್ರಿಗಳು ನಗು ಅಡಗಿಸಲು ತಲೆ ಬಗ್ಗಿಸಿದರು. ಪಪ್ಪ ಒಂದು ಸುತ್ತು ಪೂರ್ತಿ ನುಡಿಸಿ, ಎರಡನೆಯ ಚರಣಕ್ಕೆ ಮತ್ತೆ ಹಳೆಯ ನಿಧಾನಕ್ಕೆ ಇಳಿದರು. ಹಾಡಲು ಅರ್ಧ ಕ್ವಾಯರಿಗೆ ದನಿಯೇ ಇರಲಿಲ್ಲ.

ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲ ಬಳಿ ಜನ ಗುಂಪುಗೂಡಿದರು. ಪಪ್ಪ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು ಪಿಟೀಲು ಒಳಗಿಡುತ್ತಿದ್ದರು. ಅಧ್ಯಕ್ಷರು ಜನರನ್ನು ಸರಿಸಿಕೊಂಡು ಬಂದರು, ಆ ಹಾಳೆ ಕೈಯಲ್ಲೇ ಇತ್ತು.

"ಇದೆಂಥದು ಮಾರಾಯಾ? ಮಗಳದ್ದು ಆಯ್ತು. ಈಗ ನೀನೂ ಶುರು ಮಾಡಿದ್ಯಾ?"

"ಮಗಳದ್ದು ತಪ್ಪೇನಿಲ್ಲ," ಎಂದರು ಪಪ್ಪ, ಎಲ್ಲರಿಗೂ ಕೇಳುವ ಹಾಗೆ. "ಅದು ಮದುವೆಮನೆಯಲ್ಲಿ ಕುಣಿಯುವ ಹಾಡು. ಕುಡುಕನ ಹಾಡು. ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ನಿಮ್ಮೆಲ್ಲರ ಕೈಯಲ್ಲಿ ಅದನ್ನು ಅಳುವ ಹಾಡು ಮಾಡಿ ಹಾಡಿಸಿದ್ದು ನಾನು. ಕ್ಷಮೆ ಕೇಳುದಾದ್ರೆ ನಾನು ಕೇಳ್ಬೇಕು."

ಅಧ್ಯಕ್ಷರು ಕಾದರು, ಹಾಳೆಯನ್ನು ಒಂದಿಷ್ಟು ಮುಂದೆ ಚಾಚಿದರು ಕೂಡ. ಪಪ್ಪ ಪೆಟ್ಟಿಗೆಯ ಎರಡೂ ಕೊಕ್ಕೆ ಹಾಕಿ, ಅದನ್ನು ಕೈಗೆತ್ತಿಕೊಂಡು, ನನ್ನ ಕಡೆ ಒಂದು ಸಲ ನೋಡಿದರು.

"ಕೇಳುದಿಲ್ಲ," ಎಂದರು.